ನನ್ನ ಮಾನಿಟರ್‌ನಲ್ಲಿ ಸರಿ, ಬೇರೆಯವರ ಲ್ಯಾಪ್‌ಟಾಪ್‌ನಲ್ಲಿ ಹಾಳು: ಗೇಮ್‌ನ ಚಿತ್ರಗಳು ಎಲ್ಲಿ ಕೆಡುತ್ತವೆ?

ಪ್ರಶ್ನೆ: ಸರ್, ನಾನು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಗೆಳೆಯನ ಜೊತೆ ಸೇರಿ ಗೋಡಾಟ್ 4 ಎಂಬ ಗೇಮ್ ಎಂಜಿನ್‌ನಲ್ಲಿ (ಗೇಮ್ ಕಟ್ಟುವ ಸಾಫ್ಟ್‌ವೇರ್) ಒಂದು ಪಿಕ್ಸೆಲ್ ಆರ್ಟ್ ಗೇಮ್, ಅಂದರೆ ಚೌಕ ಚುಕ್ಕಿಗಳಿಂದ ಕಟ್ಟಿದ ಚಿತ್ರಗಳ ಗೇಮ್, ಮಾಡುತ್ತಿದ್ದೇವೆ. ಮೂಲ ರೆಸಲ್ಯೂಷನ್ 320×180, ಟೈಲ್‌ಗಳು (ನೆಲ, ಗೋಡೆ ಜೋಡಿಸುವ ಚಿಕ್ಕ ಚೌಕ ಚಿತ್ರಗಳು) 16×16. ನನ್ನ 1920×1080 ಮಾನಿಟರ್‌ನಲ್ಲಿ ಚಿತ್ರಗಳು ಚೆನ್ನಾಗಿ ಕಾಣುತ್ತವೆ. ಗೆಳೆಯನ ಹಳೆಯ 1366×768 ಲ್ಯಾಪ್‌ಟಾಪ್‌ನಲ್ಲಿ ಹೀರೋನ ಒಂದು ಕಣ್ಣು ದೊಡ್ಡದು, ಇನ್ನೊಂದು ಚಿಕ್ಕದು. ಅವನು ನಡೆದ ಹಾಗೆ ಅದು ಬದಲಾಗುತ್ತಲೂ ಇರುತ್ತದೆ. ನೆಲದ ಟೈಲ್‌ಗಳ ನಡುವೆ ಆಗಾಗ ಸಣ್ಣ ಗೆರೆ ಮಿನುಗುತ್ತದೆ. ಅಕ್ಕನ ಲ್ಯಾಪ್‌ಟಾಪ್ ಕೂಡ 1920×1080, ಆದರೆ ಅದರಲ್ಲಿ ಇಡೀ ಗೇಮ್ ಮಬ್ಬು. ಕನ್ನಡ ಸಂಭಾಷಣೆಯಂತೂ ಎಲ್ಲ ಕಡೆಯೂ ಓದಲು ಆಗುವುದಿಲ್ಲ, ಒತ್ತಕ್ಷರಗಳು ಕಲಸಿಹೋಗುತ್ತವೆ. ‘ಎಲ್ಲ ಚಿತ್ರಗಳನ್ನೂ ನಾಲ್ಕು ಪಟ್ಟು ದೊಡ್ಡದಾಗಿ, 300 ಡಿಪಿಐನಲ್ಲಿ ಮತ್ತೆ ಬರೆಯಿರಿ’ ಎಂದು ಪರಿಚಯದವರೊಬ್ಬರು ಹೇಳಿದರು. ತುಂಬಾ ತಿಂಗಳ ಕೆಲಸ ಸರ್. ನಿಜವಾಗಿಯೂ ಮತ್ತೆ ಬರೆಯಬೇಕಾ?

ಉತ್ತರ: ಬೇಡ. ಒಂದೇ ಒಂದು ಚಿತ್ರವನ್ನೂ ಮತ್ತೆ ಬರೆಯಬೇಡಿ. ನಿಮ್ಮ ಚಿತ್ರಗಳಲ್ಲಿ ತಪ್ಪಿಲ್ಲ. ನೀವು ಬರೆದ ಮೇಲೆ, ಆಟಗಾರರ ಕಣ್ಣಿಗೆ ಬೀಳುವ ಮೊದಲು, ನಡುವೆ ಎಲ್ಲೋ ಅವು ಕೆಡುತ್ತಿವೆ.

ನಿಮ್ಮ ಪತ್ರ ಓದಿದವರಿಗೆ ಒಂದೇ ತೊಂದರೆ ಬೇರೆ ಬೇರೆ ಕಡೆ ಕಾಣಿಸಿದ ಹಾಗಿದೆ. ಆದರೆ ಇಲ್ಲಿರುವುದು ನಾಲ್ಕು ತೊಂದರೆಗಳು. ಎರಡು ಕಣ್ಣು ಒಂದೇ ಅಳತೆಯಲ್ಲಿ ಇಲ್ಲದಿರುವುದು, ಟೈಲ್ ನಡುವಿನ ಗೆರೆ, ಅಕ್ಕನ ಲ್ಯಾಪ್‌ಟಾಪ್‌ನ ಮಬ್ಬು, ಕನ್ನಡ ಅಕ್ಷರ: ನಾಲ್ಕಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಹೊಸದಾಗಿ ಗೇಮ್ ಮಾಡುವವರಲ್ಲಿ ನಾನು ಜಾಸ್ತಿ ನೋಡುವುದು ಇದನ್ನೇ. ಎಲ್ಲವನ್ನೂ ‘ಸ್ಕೇಲಿಂಗ್ ಪ್ರಾಬ್ಲಮ್’ ಎಂದು ಒಂದೇ ಗಂಟು ಕಟ್ಟಿ, ಕೈಗೆ ಸಿಕ್ಕ ಸೆಟ್ಟಿಂಗ್ ಬದಲಿಸುತ್ತಾ ಹೋಗುತ್ತಾರೆ. ಒಂದು ಸರಿಹೋದರೆ ಇನ್ನೊಂದು ಕೆಡುತ್ತದೆ. ಕೊನೆಗೆ ಯಾವುದನ್ನು ಯಾಕೆ ಬದಲಿಸಿದೆವು ಅಂತಲೇ ನೆನಪಿರುವುದಿಲ್ಲ.

ಮೊದಲು ಆ 300 ಡಿಪಿಐ ವಿಷಯ ಮುಗಿಸೋಣ. ಇದು ಪ್ರಿಂಟಿಂಗ್ ಪ್ರೆಸ್ಸಿನ ಲೆಕ್ಕ. ಕಾಗದದ ಮೇಲೆ ಒಂದು ಇಂಚಿಗೆ ಎಷ್ಟು ಚುಕ್ಕಿ ಬೀಳಬೇಕು ಅನ್ನುವುದು ಅಲ್ಲಿ ಮುಖ್ಯ. ಪಿಎನ್‌ಜಿ ಫೈಲ್‌ನೊಳಗೆ ಆ ಅಂಕಿಯನ್ನು ಬರೆದಿಡಬಹುದು ನಿಜ. ಗೇಮ್‌ನಲ್ಲಿ ಚಿತ್ರ ಮೂಡುವಾಗ ಅದಕ್ಕೆ ಕೆಲಸವೇ ಇಲ್ಲ. 16×16 ಟೈಲ್‌ಗೆ 72 ಡಿಪಿಐ ಇರಲಿ, 300 ಇರಲಿ, ಅದರಲ್ಲಿರುವುದು 256 ಪಿಕ್ಸೆಲ್ಲೇ.

ನಾಲ್ಕು ಪಟ್ಟು ದೊಡ್ಡದು ಮಾಡುವ ಸಲಹೆಯೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಯಾಕೆ ಅನ್ನುವುದು ಮುಂದಿನ ಲೆಕ್ಕ ನೋಡಿದರೆ ಗೊತ್ತಾಗುತ್ತದೆ.

ಒಂದು ಕಣ್ಣು ದೊಡ್ಡದು, ಒಂದು ಚಿಕ್ಕದು

ನಿಮ್ಮ ಮಾನಿಟರ್‌ನಲ್ಲಿ 1080 ಸಾಲುಗಳಿವೆ. ಅದನ್ನು 180ರಿಂದ ಭಾಗಿಸಿದರೆ ಸರಿಯಾಗಿ 6. ನೀವು ಬರೆದ ಪ್ರತಿ ಪಿಕ್ಸೆಲ್ಲೂ ಪರದೆಯ ಮೇಲೆ 6×6 ಚೌಕವಾಗುತ್ತದೆ. ಎಲ್ಲ ಚೌಕಗಳೂ ಒಂದೇ ಅಳತೆ, ಹಾಗಾಗಿ ಚಿತ್ರ ಚೆಂದ.

ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ 768 ಸಾಲು. 180ರಿಂದ ಭಾಗಿಸಿದರೆ 4.27ರ ಹತ್ತಿರ. ಪರದೆಯಲ್ಲಿ ಕಾಲು ಪಿಕ್ಸೆಲ್ ಅಂತ ಒಂದು ಇರುವುದಿಲ್ಲವಲ್ಲ. ನಾಲ್ಕರಂತೆ ಹಂಚಿದರೆ 720 ಸಾಲು ಖರ್ಚಾಗಿ 48 ಉಳಿಯುತ್ತವೆ. ಆ 48ನ್ನು ಎಲ್ಲಾದರೂ ಸೇರಿಸಲೇಬೇಕು. ಹಾಗಾಗಿ ನಿಮ್ಮ 180 ಸಾಲುಗಳಲ್ಲಿ 132 ಸಾಲು ನಾಲ್ಕು ಪಿಕ್ಸೆಲ್ ಎತ್ತರ, 48 ಸಾಲು ಐದು ಪಿಕ್ಸೆಲ್ ಎತ್ತರ ಆಗುತ್ತವೆ. ಅಗಲದಲ್ಲೂ ಇದೇ ಕಥೆ. ಚುಕ್ಕಿ ರಂಗೋಲಿಯಲ್ಲಿ ಚುಕ್ಕಿಗಳ ಅಂತರ ಹೆಚ್ಚುಕಮ್ಮಿಯಾದರೆ ಎಷ್ಟು ಜೋಪಾನವಾಗಿ ಎಳೆ ಎಳೆದರೂ ಸೊಟ್ಟ ಕಾಣುತ್ತದೆ, ಅಲ್ವಾ? ಇಲ್ಲಿ ಆಗಿರುವುದೂ ಅದೇ. ಹೀರೋನ ಎಡಗಣ್ಣು ಐದು ಪಿಕ್ಸೆಲ್ ಅಗಲದ ಕಂಬದ (ಮೇಲಿನಿಂದ ಕೆಳಗಿನ ಸಾಲಿನ) ಮೇಲೆ ಬಿದ್ದಾಗ ದಪ್ಪ, ನಾಲ್ಕರ ಕಂಬದ ಮೇಲೆ ಬಿದ್ದಾಗ ತೆಳು. ಅವನು ನಡೆದಂತೆ ಕಣ್ಣು ಕಂಬದಿಂದ ಕಂಬಕ್ಕೆ ದಾಟುತ್ತದೆ. ಅದಕ್ಕೇ ಬದಲಾಗುತ್ತಾ ಇರುವುದು.

ಈಗ ಚಿತ್ರಗಳನ್ನೆಲ್ಲ ನಾಲ್ಕು ಪಟ್ಟು ದೊಡ್ಡದು ಮಾಡಿ ಮೂಲವನ್ನು 1280×720 ಮಾಡಿದಿರಿ ಅಂತಿಟ್ಟುಕೊಳ್ಳಿ. 720 ಸಾಲನ್ನು 768ಕ್ಕೆ ಹಿಗ್ಗಿಸಬೇಕು. ಅದೇ 48 ಸಾಲು ಮತ್ತೆ ಎದುರಿಗೆ ಬಂದು ನಿಲ್ಲುತ್ತವೆ. ಕೆಲಸ ನಾಲ್ಕು ಪಟ್ಟು, ಫಲ ಸೊನ್ನೆ.

ಪಿಕ್ಸೆಲ್ ಆರ್ಟ್‌ಗೆ ಟೆಕ್ಸ್‌ಚರ್ ಫಿಲ್ಟರ್ (ಚಿತ್ರ ಹಿಗ್ಗಿಸುವಾಗ ಬಣ್ಣ ತುಂಬುವ ವಿಧಾನ) ‘ನಿಯರೆಸ್ಟ್’ ಇಟ್ಟರೆ ಸಾಕು ಅನ್ನುವ ಮಾತನ್ನೂ ನೀವು ಕೇಳಿರುತ್ತೀರಿ. ಅರ್ಧ ನಿಜ. ನಿಯರೆಸ್ಟ್ ಅಂಚನ್ನು ಚೂಪಾಗಿ ಇಡುತ್ತದೆ, ಅಳತೆಯನ್ನು ಸಮ ಮಾಡುವುದಿಲ್ಲ. ಗೋಡಾಟ್‌ನಲ್ಲಿ ಮೊದಲಿಗೆ ಇರುವುದು ‘ಲೀನಿಯರ್’, ಅಂದರೆ ಅಕ್ಕಪಕ್ಕದ ಬಣ್ಣ ಬೆರೆಸುವ ವಿಧಾನ. ಅದಕ್ಕೆ ವಾಪಸ್ ಹೋದರೆ ಕಣ್ಣುಗಳ ವ್ಯತ್ಯಾಸ ಮರೆಯಾಗುತ್ತದೆ, ಜೊತೆಗೆ ನಿಮ್ಮ ಇಡೀ ಚಿತ್ರ ನೀರಲ್ಲಿ ನೆನೆದ ಹಾಗೆ ಮೆತ್ತಗಾಗುತ್ತದೆ. ಆಂಟಿ ಏಲಿಯಾಸಿಂಗ್ ಹಾಕಿ ಅನ್ನುವವರೂ ಇದ್ದಾರೆ. ಅದು ಆಕಾರಗಳ ಹೊರ ಅಂಚಿಗೆ ಸಂಬಂಧಪಟ್ಟದ್ದು, ಸ್ಪ್ರೈಟ್‌ನ (ಹೀರೋನಂಥ ಪಾತ್ರದ ಚಿತ್ರ) ಒಳಗಿನ ಕಣ್ಣಿಗೆ ಏನೂ ಮಾಡುವುದಿಲ್ಲ.

ಹಾಗಾದರೆ ಮಾಡುವುದೇನು? ಮೂರು ದಾರಿ ಇವೆ. ಮೂರರಲ್ಲೂ ಏನನ್ನಾದರೂ ಬಿಟ್ಟುಕೊಡಬೇಕು.

ಮೊದಲನೆಯದು, ಪೂರ್ಣ ಸಂಖ್ಯೆಯ ಹಿಗ್ಗಿಸುವಿಕೆ ಮಾತ್ರ. ಗೋಡಾಟ್ 4.2ರಿಂದ ಈಚೆಗೆ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ, ವಿಂಡೋ, ಸ್ಟ್ರೆಚ್ ಅಡಿ ಸ್ಕೇಲ್ ಮೋಡ್ ಎಂಬುದಿದೆ. ಅದನ್ನು ‘ಇಂಟಿಜರ್’ ಮಾಡಿ. ಗೆಳೆಯನ ಪರದೆಯಲ್ಲಿ ಗೇಮ್ 1280×720 ಆಗಿ, ಎಡಬಲದಲ್ಲಿ 43 ಪಿಕ್ಸೆಲ್, ಮೇಲೆ ಕೆಳಗೆ 24 ಪಿಕ್ಸೆಲ್ ಅಂಚು ಉಳಿಯುತ್ತದೆ. ಚಿತ್ರ ಮಾತ್ರ ಕನ್ನಡಿಯಷ್ಟು ಸ್ಪಷ್ಟ. ಇಲ್ಲೊಂದು ಅಪಾಯ ಇದೆ, ಬಹಳ ಜನ ಗಮನಿಸುವುದಿಲ್ಲ. ಆಟಗಾರ ಫುಲ್‌ಸ್ಕ್ರೀನ್ ಬಿಟ್ಟು ವಿಂಡೋವನ್ನು ಮ್ಯಾಕ್ಸಿಮೈಸ್ ಮಾಡಿದರೆ, ಟಾಸ್ಕ್‌ಬಾರ್ ಮತ್ತು ಟೈಟಲ್ ಬಾರ್ ಕಳೆದು 720 ಸಾಲು ಸಿಗುವುದಿಲ್ಲ. ಆಗ ಎಂಜಿನ್ ನಾಲ್ಕರಿಂದ ಮೂರಕ್ಕೆ ಇಳಿಯುತ್ತದೆ. ಗೇಮ್ 960×540ಕ್ಕೆ ಕುಗ್ಗಿ, ಸುತ್ತ ಅಗಲವಾದ ಕಪ್ಪು ಚೌಕಟ್ಟು. ಗೇಮ್ ಕೆಟ್ಟಿದೆ ಎಂದೇ ಆಟಗಾರ ಅಂದುಕೊಳ್ಳುತ್ತಾನೆ. ಹಾಗಾಗಿ ಗೇಮ್ ಫುಲ್‌ಸ್ಕ್ರೀನ್‌ನಲ್ಲೇ ಶುರುವಾಗಲಿ.

ಎರಡನೆಯದು, ಉಳಿದ ಜಾಗದಲ್ಲಿ ಜಾಸ್ತಿ ಪ್ರಪಂಚ ತೋರಿಸುವುದು. ಆಸ್ಪೆಕ್ಟ್ ಅನ್ನು ‘ಎಕ್ಸ್‌ಪ್ಯಾಂಡ್’ ಮಾಡಿದರೆ ಅದೇ ನಾಲ್ಕು ಪಟ್ಟಿನಲ್ಲಿ ಸುಮಾರು 341×192 ಭಾಗ ಕಾಣುತ್ತದೆ. ಕಪ್ಪು ಅಂಚಿನ ಗೊಡವೆಯೇ ಇಲ್ಲ. 2400×1080ರ ಫೋನ್‌ಗಳಿಗೂ ಇದು ಚೆನ್ನಾಗಿ ಹೊಂದುತ್ತದೆ: ಆರು ಪಟ್ಟಿನಲ್ಲಿ ಸರಿಯಾಗಿ 400×180 ಕಾಣುತ್ತದೆ. ಆದರೆ ಲೆವೆಲ್ ಡಿಸೈನ್ ಅದನ್ನು ತಾಳಬೇಕು. ಕೋಣೆಯ ಆಚೆ ಏನೂ ಬರೆದಿಲ್ಲದಿದ್ದರೆ ಖಾಲಿ ಜಾಗ ಕಾಣುತ್ತದೆ. ಮರೆಯಲ್ಲಿಟ್ಟ ಶತ್ರು ಮೊದಲೇ ಕಣ್ಣಿಗೆ ಬೀಳುತ್ತಾನೆ. ನಿಮ್ಮದು ಒಂದೊಂದೇ ಕೋಣೆಯ ಆಟವಾದರೆ ಇದು ಬೇಡ, ಉದ್ದಕ್ಕೆ ಓಡುವ ಆಟವಾದರೆ ಧಾರಾಳವಾಗಿ ಮಾಡಿ.

ಮೂರನೆಯದು, ಎರಡು ಹಂತದಲ್ಲಿ ಹಿಗ್ಗಿಸುವುದು. ಮೊದಲು ನಿಯರೆಸ್ಟ್‌ನಲ್ಲಿ ಪರದೆಗಿಂತ ದೊಡ್ಡ ಪೂರ್ಣ ಪಟ್ಟಿಗೆ, ಅಂದರೆ ಐದು ಪಟ್ಟು, 1600×900. ಆಮೇಲೆ ಅದನ್ನು ಲೀನಿಯರ್‌ನಲ್ಲಿ 1366×768ಕ್ಕೆ ಇಳಿಸುವುದು. ಹಳೆಯ ಆಟಗಳ ಎಮ್ಯುಲೇಟರ್‌ಗಳಲ್ಲಿ (ಹಳೆಯ ಗೇಮ್ ಯಂತ್ರಗಳನ್ನು ಅನುಕರಿಸುವ ಪ್ರೋಗ್ರಾಂಗಳು) ಇದೇ ಉದ್ದೇಶದ ಶಾರ್ಪ್ ಬೈಲೀನಿಯರ್ ಎಂಬ ಶೇಡರ್ (ಪಿಕ್ಸೆಲ್‌ಗಳ ಬಣ್ಣ ಲೆಕ್ಕಹಾಕುವ ಸಣ್ಣ ಕೋಡ್) ಇದೆ. ಪರದೆ ತುಂಬುತ್ತದೆ, ಎಲ್ಲ ಪಿಕ್ಸೆಲ್ಲೂ ಒಂದೇ ಅಳತೆ ಕಾಣುತ್ತದೆ, ಅಂಚು ಮಾತ್ರ ಒಂದು ಕೂದಲೆಳೆ ಮೃದುವಾಗುತ್ತದೆ. ಇದಕ್ಕೆ ನೀವೇ ಸ್ವಲ್ಪ ಕೋಡ್ ಬರೆಯಬೇಕು, ಸಬ್‌ವ್ಯೂಪೋರ್ಟ್ (ಗೇಮ್ ಚಿತ್ರವನ್ನು ಬೇರೆಯಾಗಿ ಮೂಡಿಸುವ ಒಳಪರದೆ) ಕಟ್ಟಿಕೊಳ್ಳಬೇಕು.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲನೆಯದನ್ನೇ ಹಿಡಿಯುತ್ತಿದ್ದೆ. ಕಪ್ಪು ಅಂಚಿನ ಬದಲು ಗೇಮ್‌ಗೆ ಒಪ್ಪುವ ಒಂದು ಚೌಕಟ್ಟಿನ ಚಿತ್ರ ಬರೆಯುತ್ತಿದ್ದೆ. ಮೂರನೆಯ ದಾರಿಯನ್ನು ಆಪ್ಷನ್ಸ್ ಮೆನುವಿನಲ್ಲಿ ‘ಪರದೆ ತುಂಬ’ ಎಂದು ಆಮೇಲೆ ಸೇರಿಸುತ್ತಿದ್ದೆ.

ಅಕ್ಕನ ಲ್ಯಾಪ್‌ಟಾಪ್‌ನ ಮಬ್ಬು

ರೆಸಲ್ಯೂಷನ್ ನಿಮ್ಮದರಷ್ಟೇ, ಆದರೂ ಮಬ್ಬು. ಇಂಥ ಕಡೆ ನನಗೆ ಮೊದಲು ಅನುಮಾನ ಬರುವುದು ವಿಂಡೋಸ್ ಮೇಲೆ. ಚಿಕ್ಕ ಲ್ಯಾಪ್‌ಟಾಪ್‌ನಲ್ಲಿ 1080 ಸಾಲು ತುಂಬಿದರೆ ಅಕ್ಷರ ತೀರಾ ಸಣ್ಣದಾಗುತ್ತದೆ. ಅದಕ್ಕೆ ವಿಂಡೋಸ್ ತಾನೇ ಸ್ಕೇಲ್ ಅನ್ನು ಶೇಕಡಾ 125 ಅಥವಾ 150 ಇಟ್ಟಿರುತ್ತದೆ. ‘ನಾನು ಡಿಪಿಐ ನೋಡಿಕೊಳ್ಳುತ್ತೇನೆ’ (ಇಲ್ಲಿ ಡಿಪಿಐ ಅಂದರೆ ಪರದೆಯ ಈ ಸ್ಕೇಲ್, ಚಿತ್ರದ ಫೈಲ್‌ನಲ್ಲಿರುವ ಅಂಕಿ ಅಲ್ಲ) ಎಂದು ಹೇಳದ ಪ್ರೋಗ್ರಾಂಗೆ ವಿಂಡೋಸ್ ನಿಜವಾದ ಅಳತೆ ಹೇಳುವುದಿಲ್ಲ. 125ರಲ್ಲಿ ಪರದೆ 1536×864 ಅನ್ನುತ್ತದೆ, 150ರಲ್ಲಿ 1280×720 ಅನ್ನುತ್ತದೆ. ಗೇಮ್ ಅಷ್ಟಕ್ಕೇ ಚಿತ್ರ ಬರೆದುಕೊಡುತ್ತದೆ. ಆಮೇಲೆ ವಿಂಡೋಸ್ ಅದನ್ನು ಒಂದು ಫೋಟೋ ಹಿಗ್ಗಿಸಿದ ಹಾಗೆ ಹಿಗ್ಗಿಸುತ್ತದೆ.

ಲೆಕ್ಕ ನೋಡಿ. 864ನ್ನು 180ರಿಂದ ಭಾಗಿಸಿದರೆ 4.8. ಅದನ್ನು ವಿಂಡೋಸ್ 1.25 ಪಟ್ಟು ಮಾಡುತ್ತದೆ. ಗುಣಿಸಿದರೆ ಮತ್ತೆ 6! ಒಂದೇ ಹೆಜ್ಜೆಯಲ್ಲಿ ಅಚ್ಚುಕಟ್ಟಾಗಿ ಆಗಬೇಕಿದ್ದ ಆರು ಪಟ್ಟು, ಎರಡು ಕೆಟ್ಟ ಹೆಜ್ಜೆಯಾಗಿ ಒಡೆದುಹೋಗಿದೆ.

ಖಚಿತ ಮಾಡಿಕೊಳ್ಳಲು, ಫುಲ್‌ಸ್ಕ್ರೀನ್‌ನಲ್ಲಿ ವಿಂಡೋ ಅಳತೆಯನ್ನು ಗೇಮ್‌ನಿಂದಲೇ ಪ್ರಿಂಟ್ ಮಾಡಿಸಿ. 1920×1080 ಬರದೆ 1536×864 ಬಂದರೆ ಕಳ್ಳ ಸಿಕ್ಕಿದ. ಗೇಮ್ ಅನ್ನು ಮತ್ತೆ ಬಿಲ್ಡ್ ಮಾಡದೆಯೂ ನೋಡಬಹುದು: ಗೇಮ್ ಫೈಲ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಅಲ್ಲಿ ಹೈ ಡಿಪಿಐ ಸೆಟ್ಟಿಂಗ್ಸ್ ತೆರೆದು ಓವರ್‌ರೈಡ್‌ಗೆ ಟಿಕ್ ಹಾಕಿ ‘ಅಪ್ಲಿಕೇಶನ್’ ಆರಿಸಿ. ಮಬ್ಬು ಹೋದರೆ ಅದೇ ಕಾರಣ.

ಸರಿಪಡಿಸಬೇಕಾದ್ದು ನಿಮ್ಮ ಪ್ರಾಜೆಕ್ಟ್‌ನಲ್ಲಿ. ಡಿಸ್‌ಪ್ಲೇ, ವಿಂಡೋ, ಡಿಪಿಐ ಅಡಿ ‘ಅಲೋ ಹೈಡಿಪಿಐ’ ಆನ್ ಇರಬೇಕು. ಗೋಡಾಟ್ 4ರಲ್ಲಿ ಅದು ಮೊದಲೇ ಆನ್ ಇರುತ್ತದೆ, ಗೋಡಾಟ್ 3ರಲ್ಲಿ ಆಫ್ ಇರುತ್ತಿತ್ತು. ಹಳೆಯ ಪ್ರಾಜೆಕ್ಟ್ ಫೈಲ್‌ನಿಂದ ಶುರು ಮಾಡಿದ್ದರೆ ಅಥವಾ ಯಾವಾಗಲೋ ಕೈತಪ್ಪಿ ಆಫ್ ಆಗಿದ್ದರೆ ನೋಡಿ. ಆನ್ ಮಾಡಿದ ಮೇಲೆ ಒಂದು ಅಡ್ಡ ಪರಿಣಾಮ ಇದೆ. 4ಕೆ ಪರದೆಯಲ್ಲಿ ನಿಮ್ಮ 1280×720 ವಿಂಡೋ ಅಂಗೈ ಅಗಲಕ್ಕೆ ಕಾಣುತ್ತದೆ. ವಿಂಡೋ ತೆರೆಯುವ ಮೊದಲು ಪರದೆಯ ಅಳತೆ ಕೇಳಿ, ಅದಕ್ಕೆ ತಕ್ಕ ಪಟ್ಟು ಆರಿಸಿಕೊಳ್ಳಿ.

ಆಟಗಾರರಿಗೆ ‘ವಿಂಡೋಸ್ ಸ್ಕೇಲ್ ಅನ್ನು 100ಕ್ಕೆ ಇಳಿಸಿ ಆಡಿ’ ಎಂದು ಮಾತ್ರ ಹೇಳಬೇಡಿ. ಅಕ್ಷರ ದೊಡ್ಡದು ಬೇಕು ಅಂತಲೇ ಎಷ್ಟೋ ಜನ ಅದನ್ನು ಹಾಗಿಟ್ಟುಕೊಂಡಿರುತ್ತಾರೆ. ನಮ್ಮ ಗೇಮ್‌ಗೋಸ್ಕರ ಅವರ ಕಣ್ಣಿಗೆ ಕಷ್ಟ ಕೊಡಬಾರದು.

ಇದೂ ಅಲ್ಲದಿದ್ದರೆ ಮೂರು ಚಿತ್ರಗಳನ್ನು ಹೋಲಿಸಿ ನೋಡಿ. ಒಂದು, ಗೇಮ್ ಒಳಗಿನಿಂದಲೇ ವ್ಯೂಪೋರ್ಟ್‌ನ (ಎಂಜಿನ್ ಗೇಮ್ ಮೂಡಿಸುವ ಪರದೆಯ) ಚಿತ್ರ ಪಿಎನ್‌ಜಿ ಆಗಿ ಉಳಿಸಿ. ಎರಡು, ವಿಂಡೋಸ್‌ನ ಸ್ಕ್ರೀನ್‌ಶಾಟ್ ತೆಗೆಯಿರಿ. ಮೂರು, ಪರದೆಯನ್ನೇ ಹತ್ತಿರದಿಂದ ಕಣ್ಣಾರೆ ನೋಡಿ. ಮೊದಲನೆಯದೇ ಕೆಟ್ಟಿದ್ದರೆ ತಪ್ಪು ನಿಮ್ಮ ಫಿಲ್ಟರ್ ಅಥವಾ ಎಂಜಿನ್ ಸೆಟ್ಟಿಂಗ್‌ನದು. ಮೊದಲನೆಯದು ಸರಿ ಇದ್ದು ಎರಡನೆಯದು ಕೆಟ್ಟಿದ್ದರೆ ಎಂಜಿನ್‌ನ ಕೊನೆಯ ಹಿಗ್ಗಿಸುವಿಕೆ ಅಥವಾ ವಿಂಡೋಸ್. ಎರಡೂ ಸರಿ ಇದ್ದು ಕಣ್ಣಿಗೆ ಮಾತ್ರ ಮಬ್ಬಾದರೆ ಪರದೆ ತಾನೇ ಹಿಗ್ಗಿಸುತ್ತಿದೆ. ಅಕ್ಷರ ದೊಡ್ಡದಾಗಲಿ ಎಂದು 1080ರ ಪರದೆಯ ರೆಸಲ್ಯೂಷನ್ ಅನ್ನೇ 1366×768ಕ್ಕೆ ಇಳಿಸಿಕೊಂಡವರ ಮನೆಯಲ್ಲಿ ಹೀಗಾಗುತ್ತದೆ. ಅಲ್ಲಿ ನಿಮ್ಮ ಕೋಡ್ ಏನೂ ಮಾಡಲಾರದು. ಸ್ಟ್ರೆಚ್ ಮೋಡ್ ‘ವ್ಯೂಪೋರ್ಟ್’ (ಮೂಲ ಅಳತೆಯಲ್ಲಿ ಚಿತ್ರ ಮೂಡಿಸಿ ಆಮೇಲೆ ಹಿಗ್ಗಿಸುವುದು) ಇದ್ದರೆ ಗೇಮ್‌ನಿಂದ ಉಳಿಸಿದ ಚಿತ್ರ 320×180ರದ್ದೇ ಆಗಿರುತ್ತದೆ, ಗಾಬರಿಯಾಗಬೇಡಿ.

ಟೈಲ್‌ಗಳ ನಡುವಿನ ಗೆರೆ

ಇದಕ್ಕೆ ಸುಲಭದ ಪರೀಕ್ಷೆ ಇದೆ. ಗೇಮ್‌ನ ಹಿನ್ನೆಲೆಯ ಡೀಫಾಲ್ಟ್ ಕ್ಲಿಯರ್ ಕಲರ್ ಅನ್ನು ಕಣ್ಣು ಕುಕ್ಕುವ ಗುಲಾಬಿ ಮಾಡಿ ಆಡಿ. ಮಿನುಗುವ ಗೆರೆಯೂ ಗುಲಾಬಿಯಾದರೆ ಎರಡು ಟೈಲ್ ನಡುವೆ ನಿಜವಾಗಿಯೂ ಸಂದು ಬಿದ್ದಿದೆ, ಹಿಂದಿನ ಬಣ್ಣ ಇಣುಕುತ್ತಿದೆ. ಗೆರೆ ಹಸಿರೋ ಕಂದೋ ಆಗಿಯೇ ಉಳಿದರೆ, ಟೈಲ್ ಶೀಟ್‌ನಲ್ಲಿ ಪಕ್ಕದಲ್ಲಿರುವ ಟೈಲ್‌ನ ಬಣ್ಣ ಸೋರುತ್ತಿದೆ.

ಸಂದು ಬೀಳುವುದು ಕ್ಯಾಮೆರಾ ಅರ್ಧಂಬರ್ಧ ಸ್ಥಾನದಲ್ಲಿ ನಿಂತಾಗ, ಅಥವಾ 16 ಪಿಕ್ಸೆಲ್ ಟೈಲ್ ಪರದೆಯಲ್ಲಿ 68.27 ಪಿಕ್ಸೆಲ್ ಆದಾಗ. ಇಂಟಿಜರ್ ಸ್ಕೇಲ್ ಮತ್ತು ವ್ಯೂಪೋರ್ಟ್ ಮೋಡ್ ಇಟ್ಟರೆ ಬಹುಪಾಲು ತಾನಾಗಿಯೇ ಹೋಗುತ್ತದೆ. ಕ್ಯಾಮೆರಾ ಝೂಮ್ 1.3ರಂಥದ್ದು ಇದ್ದರೆ ಬಿಟ್ಟುಬಿಡಿ. ಬಣ್ಣ ಸೋರುವುದಾದರೆ ಟೈಲ್‌ಸೆಟ್‌ನಲ್ಲಿ ಟೆಕ್ಸ್‌ಚರ್ ಪ್ಯಾಡಿಂಗ್ (ಟೈಲ್‌ನ ಸುತ್ತ ಹೆಚ್ಚುವರಿ ಅಂಚು) ಆನ್ ಇದೆಯಾ ನೋಡಿ. ಅಷ್ಟಕ್ಕೂ ಬಗ್ಗದಿದ್ದರೆ ಪ್ರತಿ ಟೈಲ್‌ನ ಅಂಚಿನ ಬಣ್ಣವನ್ನೇ ಒಂದು ಪಿಕ್ಸೆಲ್ ಹೊರಗೆ ಎಳೆದು ಶೀಟ್ ಮಾಡಿ.

ವ್ಯೂಪೋರ್ಟ್ ಮೋಡ್‌ಗೆ ಬದಲಾದ ಮೇಲೆ ಹೀರೋ ಸಣ್ಣಗೆ ನಡುಗಿದಂತೆ ಕಂಡರೆ ಆಶ್ಚರ್ಯಪಡಬೇಡಿ. ಕ್ಯಾಮೆರಾ ಒಂದು ಕಡೆ, ಹೀರೋ ಒಂದು ಕಡೆ ಬೇರೆ ಬೇರೆಯಾಗಿ ಪೂರ್ಣ ಪಿಕ್ಸೆಲ್‌ಗೆ ಹೊಂದಿಕೊಳ್ಳುವುದರಿಂದ ಹಾಗಾಗುತ್ತದೆ. ಕ್ಯಾಮೆರಾ ಸ್ಮೂದಿಂಗ್ ತೆಗೆದು ನೋಡಿ. ಕ್ಯಾಮೆರಾದ ಕೊನೆಯ ಸ್ಥಾನವನ್ನು ಪೂರ್ಣ ಸಂಖ್ಯೆಗೆ ತಂದರೆ ನಡುಕ ನಿಲ್ಲುತ್ತದೆ.

ಕನ್ನಡ ಅಕ್ಷರ

ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು ಇದು. ಉಳಿದದ್ದು ಯಾರದೋ ಒಂದೊಂದು ಲ್ಯಾಪ್‌ಟಾಪ್‌ನ ತೊಂದರೆ. ಇದು ಎಲ್ಲ ಆಟಗಾರರ ತೊಂದರೆ.

ಒತ್ತಕ್ಷರ ಕಲಸಿಹೋಗುತ್ತಿದೆ ಅಂದಿರಿ. ಒತ್ತು ಪಕ್ಕಕ್ಕೆ ಬಂದು ಬಿದ್ದಿದ್ದರೆ, ಅರ್ಧ ಅಕ್ಷರ ಬಿಡಿಯಾಗಿ ಕಂಡಿದ್ದರೆ, ಅದು ಅಕ್ಷರ ಜೋಡಿಸುವ ವ್ಯವಸ್ಥೆಯ ತೊಂದರೆ. ಗೋಡಾಟ್ 3ರಲ್ಲಿ ಹಾಗಾಗುತ್ತಿತ್ತು. ಗೋಡಾಟ್ 4 ಹಾರ್ಫ್‌ಬಜ್ ಎಂಬ ಅಕ್ಷರ ಜೋಡಿಸುವ ಸಾಫ್ಟ್‌ವೇರ್ ಬಳಸುವುದರಿಂದ ಕನ್ನಡವನ್ನು ಸರಿಯಾಗಿಯೇ ಜೋಡಿಸುತ್ತದೆ. ನಿಮ್ಮದು ಜಾಗದ ತೊಂದರೆ.

ಇಂಗ್ಲಿಷ್ ದೊಡ್ಡಕ್ಷರ ಏಳು ಸಾಲು ಎತ್ತರದಲ್ಲಿ ಆರಾಮಾಗಿ ಓದಲು ಬರುತ್ತದೆ. ಪಿಕ್ಸೆಲ್ ಗೇಮ್‌ಗಳ ಅಕ್ಷರದ ಅಳತೆ ಬೆಳೆದುಬಂದಿರುವುದೇ ಅದರ ಮೇಲೆ. ನಮ್ಮದು ಹಾಗಲ್ಲ. ಮೇಲೆ ಗುಡಿಸು, ತಲೆಕಟ್ಟು. ನಡುವೆ ಅಕ್ಷರ. ಕೆಳಗೆ ಒತ್ತು. ‘ಸ್ತ್ರೀ’, ‘ರಾಷ್ಟ್ರ’ ಬಂದರೆ ಎರಡೆರಡು ಒತ್ತು. ಇಡೀ ಸಾಲಿಗೆ 16 ಪಿಕ್ಸೆಲ್ ಕೊಟ್ಟರೂ ಮೂಲ ಅಕ್ಷರಕ್ಕೆ ಅದರ ಅರ್ಧ ಉಳಿದರೆ ಹೆಚ್ಚು. ಡ ಮತ್ತು ಢ, ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ: ಈ ಜೋಡಿಗಳನ್ನು ಬೇರೆ ಮಾಡುವುದು ಕೆಳಗಿನ ಒಂದು ಸಣ್ಣ ಸೀಳು. ಆ ಸೀಳಿಗೆ ಒಂದು ಪಿಕ್ಸೆಲ್ ಸಿಗದಿದ್ದರೆ ಓದುವವರಿಗೆ ಊಹೆಯೇ ಗತಿ. ಯಾವ ಫಿಲ್ಟರ್ ಹಾಕಿದರೂ ಇಲ್ಲದ ಪಿಕ್ಸೆಲ್ ಬರುವುದಿಲ್ಲ.

ಹಾಗಾಗಿ ಅಕ್ಷರವನ್ನು 320×180ರೊಳಗೆ ಬರೆಯಲೇಬೇಡಿ. ಆಟದ ಪ್ರಪಂಚವನ್ನು 320×180ರ ಒಂದು ಸಬ್‌ವ್ಯೂಪೋರ್ಟ್‌ನಲ್ಲಿಟ್ಟು ಪೂರ್ಣ ಪಟ್ಟಿನಲ್ಲಿ ಹಿಗ್ಗಿಸಿ. ಸಂಭಾಷಣೆ, ಮೆನು, ಅಂಕ ಇವೆಲ್ಲ ಅದರ ಹೊರಗೆ, ವಿಂಡೋದ ನಿಜವಾದ ರೆಸಲ್ಯೂಷನ್‌ನಲ್ಲಿ ಬರಲಿ. ಅಕ್ಷರದ ಅಳತೆಯನ್ನು ವಿಂಡೋ ಎತ್ತರದಿಂದ ಲೆಕ್ಕ ಹಾಕಿ. ಎತ್ತರವನ್ನು 27ರಿಂದ ಭಾಗಿಸಿದರೆ 1080ರಲ್ಲಿ 40, 768ರಲ್ಲಿ 28 ಬರುತ್ತದೆ. ಅಷ್ಟಿದ್ದರೆ ಒತ್ತು ಸ್ಪಷ್ಟವಾಗಿ ಕಾಣುತ್ತದೆ.

ಪಿಕ್ಸೆಲ್ ಚಿತ್ರದ ಮೇಲೆ ನಯವಾದ ಅಕ್ಷರ ಹೊಂದುವುದಿಲ್ಲ ಎಂದು ನಿಮ್ಮ ಗೆಳೆಯ ಹೇಳಬಹುದು. 2018ರ ‘ಸೆಲೆಸ್ಟ್’ ಗೇಮ್ ನೋಡಲು ಹೇಳಿ. ಆಟ ನಡೆಯುವುದು 320×180ರಲ್ಲಿ, ಸಂಭಾಷಣೆ ಮತ್ತು ಮುಖಗಳ ಚಿತ್ರ ಬರುವುದು ದೊಡ್ಡ ರೆಸಲ್ಯೂಷನ್‌ನಲ್ಲಿ. ನೋಡುವವರಿಗೆ ಎಲ್ಲೂ ತೊಡಕಾಗುವುದಿಲ್ಲ. ತೀರಾ ಸಪೂರ ಫಾಂಟ್ ಬೇಡ. ಬಲೂ ತಮ್ಮ 2ರಂಥ ದುಂಡನೆಯ ದಪ್ಪ ಫಾಂಟ್ ಪಿಕ್ಸೆಲ್ ಚಿತ್ರದ ಜೊತೆ ಚೆನ್ನಾಗಿ ಕೂರುತ್ತದೆ, ಉಚಿತವಾಗಿಯೂ ಸಿಗುತ್ತದೆ. ಉದ್ದ ಸಂಭಾಷಣೆ ಇದ್ದರೆ ನೋಟೋ ಸಾನ್ಸ್ ಕನ್ನಡ ಓದಲು ಹಗುರ.

ಈ ದಾರಿಯಲ್ಲಿ ಎರಡು ಕೆಲಸ ಹೆಚ್ಚಾಗುತ್ತದೆ. ಹೀರೋನ ತಲೆಯ ಮೇಲೆ ಮಾತಿನ ಗುಳ್ಳೆ ಬರಬೇಕಾದರೆ ಅವನ ಸ್ಥಾನವನ್ನು ಪಟ್ಟಿನಿಂದ ಗುಣಿಸಿ, ಅಂಚಿನ ಅಗಲ ಕೂಡಿಸಬೇಕು. ಮೌಸ್‌ಗೆ ಇದರ ಉಲ್ಟಾ ಲೆಕ್ಕ. ಎರಡನ್ನೂ ಒಂದೇ ಫಂಕ್ಷನ್‌ನಲ್ಲಿ ಬರೆದಿಡಿ. ಅಲ್ಲಲ್ಲಿ ಸುಮ್ನೆ ಗುಣಿಸುತ್ತಾ ಹೋದರೆ ಆಮೇಲೆ ಹುಡುಕುವುದು ಕಷ್ಟ.

ಇಷ್ಟು ಬದಲಾವಣೆಗೆ ಸಮಯ ಇಲ್ಲ ಅನ್ನುವುದಾದರೆ ನಡುವಿನ ದಾರಿಯೂ ಇದೆ. ಮೂಲವನ್ನು 640×360 ಮಾಡಿ, ಈಗಿರುವ ಚಿತ್ರಗಳನ್ನೆಲ್ಲ ಎರಡು ಪಟ್ಟು ಮಾಡಿ ಇಡಿ. 1366×768ರಲ್ಲಿ ಅದು ಎರಡು ಪಟ್ಟು, 1080ರಲ್ಲಿ ಮೂರು ಪಟ್ಟು, ಎರಡೂ ಪೂರ್ಣ ಸಂಖ್ಯೆ. ಅಕ್ಷರಕ್ಕೆ ಸಾಲುಗಳು ಇಮ್ಮಡಿಯಾಗುತ್ತವೆ. 26, 28 ಪಿಕ್ಸೆಲ್ ಎತ್ತರದ ಕನ್ನಡ ಮುತ್ತಿನಂತೆ ಕಾಣದಿದ್ದರೂ ಓದಲು ಬರುತ್ತದೆ. ಆಮೇಲೆ ಹೊಸ ಚಿತ್ರ ಬರೆಯುವಾಗ ದೊಡ್ಡ ಪಿಕ್ಸೆಲ್, ಸಣ್ಣ ಪಿಕ್ಸೆಲ್ ಬೆರೆಸಬೇಡಿ ಅಷ್ಟೇ.

ಕೆಲಸದ ಕ್ರಮ ಹೀಗಿರಲಿ. ಮೊದಲು ಡಿಪಿಐ, ಆಮೇಲೆ ಇಂಟಿಜರ್ ಸ್ಕೇಲ್, ಅದಾದ ಮೇಲೆ ಗುಲಾಬಿ ಬಣ್ಣದ ಪರೀಕ್ಷೆ, ಕೊನೆಗೆ ಅಕ್ಷರ. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಸಲ ಗೆಳೆಯನ ಲ್ಯಾಪ್‌ಟಾಪ್‌ಗೆ ಕಾಯಬೇಕಿಲ್ಲ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ವಿಂಡೋ ಅಗಲ, ಎತ್ತರದ ಓವರ್‌ರೈಡ್‌ಗೆ 1366, 768 ಹಾಕಿ ಅಂಚಿಲ್ಲದ ವಿಂಡೋ ತೆರೆದರೆ ನಿಮ್ಮ ಮಾನಿಟರ್‌ನಲ್ಲೇ ಅದೇ ತೊಂದರೆ ಕಾಣಿಸಿಕೊಳ್ಳುತ್ತದೆ. ಅಕ್ಕನ ಲ್ಯಾಪ್‌ಟಾಪ್‌ನ ಸ್ಥಿತಿ ಬೇಕಾದರೆ ನಿಮ್ಮ ವಿಂಡೋಸ್ ಸ್ಕೇಲ್ ಅನ್ನೇ ಸ್ವಲ್ಪ ಹೊತ್ತು 125 ಮಾಡಿ. ಜೊತೆಗೆ ಒಂದು ಪಿಕ್ಸೆಲ್ ಕಪ್ಪು, ಒಂದು ಪಿಕ್ಸೆಲ್ ಬಿಳಿಯ ಚದುರಂಗದ ಮನೆಯಂಥ ಚಿತ್ರವೊಂದನ್ನು ಗೇಮ್‌ನಲ್ಲಿ ಒಂದು ಗುಂಡಿ ಒತ್ತಿದಾಗ ಬರುವಂತೆ ಇಟ್ಟುಕೊಳ್ಳಿ. ಪಟ್ಟು ಪೂರ್ಣ ಸಂಖ್ಯೆಯಲ್ಲಿ ಇಲ್ಲದಿದ್ದರೆ ಅದರಲ್ಲಿ ಅಲೆ ಅಲೆಯಾಗಿ ಪಟ್ಟೆಗಳು ಏಳುತ್ತವೆ. ಯಾರಾದರೂ ‘ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಕಾಣಲ್ಲ’ ಅಂದರೆ, ಆ ಗುಂಡಿ ಒತ್ತಿ ಒಂದು ಸ್ಕ್ರೀನ್‌ಶಾಟ್ ಕಳಿಸಲು ಹೇಳಿ. ವಿಂಡೋದ ಅಳತೆಯೂ ಮೂಲೆಯಲ್ಲಿ ಬರುವಂತೆ ಮಾಡಿಟ್ಟಿದ್ದರೆ ಅವರಿಗೆ ನೀವು ಬೇರೆ ಪ್ರಶ್ನೆ ಕೇಳುವುದೇ ಬೇಕಾಗುವುದಿಲ್ಲ.